ಮಿಥ್ಯಾವಾಸ್ತವವೂ ನಮ್ಮ ಊರುಗಳ ಓಣಿಗಳೂ

ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಪರಾಧಗಳ ವಿಷಯದಲ್ಲಿ ನಮ್ಮ ನಡತೆ ಇಂದಿಗೂ ಬಹುಮಟ್ಟಿಗೆ ಈ ಗಾದೆಯಂತೆಯೇ ಇದೆ. ಮನೆಯಲ್ಲಿ ಕಳವಾದ ಮೇಲೆ ಬಾಗಿಲಿಗೆ ಎರಡನೆಯ ಚಿಲಕ ಹಾಕಿಸುತ್ತೇವೆ. ಹೆಣ್ಣುಮಗಳೊಬ್ಬಳ ಕೊರಳಿನ ಸರವನ್ನು ಕಿತ್ತುಕೊಂಡು ಹೋದ ಮೇಲೆ ಆ ತಿರುವಿನಲ್ಲಿ ಒಂದು ದೀಪ ಬೇಕೆಂದು ಅರ್ಜಿ ಬರೆಯುತ್ತೇವೆ. ರೋಗ ಬರುವ ಮೊದಲೇ ಅದನ್ನು ತಡೆಯುವುದು ಲೇಸೆಂದು ವೈದ್ಯಶಾಸ್ತ್ರ ನಮಗೆ ಕಲಿಸಿ ಬಹುಕಾಲವಾಯಿತು. ಸೇತುವೆ ಕಟ್ಟುವ ಮೊದಲೇ ಅದು ಹೊರಬೇಕಾದ ಭಾರವನ್ನು ಎಂಜಿನಿಯರು ಲೆಕ್ಕ ಹಾಕುತ್ತಾನೆ. ಆದರೆ ಒಂದು ಓಣಿಯನ್ನೋ ಬಸ್ ನಿಲ್ದಾಣವನ್ನೋ ಕಟ್ಟುವ ಮೊದಲು, ರಾತ್ರಿ ಒಂಬತ್ತು ಗಂಟೆಗೆ ಅಲ್ಲಿ ಒಬ್ಬಂಟಿಯಾಗಿ ನಡೆಯುವವರ ಪಾಡೇನೆಂದು ಪರೀಕ್ಷಿಸಿ ನೋಡುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ಇದಕ್ಕೆ ಕಾರಣವೂ ಉಂಟು. ಕಟ್ಟದ ಓಣಿಯಲ್ಲಿ ನಡೆಯುವುದು ಹೇಗೆ? ಕಳವು ಆಗುವುದನ್ನು ಕಣ್ಣಾರೆ ನೋಡಿ ಅಭ್ಯಾಸ ಮಾಡೋಣವೆಂದರೆ, ಕಳ್ಳನು ಶಾಸ್ತ್ರಜ್ಞನಿಗೆ ಮುಂಚಿತವಾಗಿ ಹೇಳಿ ಬರುವನೇ? ಈ ಎರಡು ತೊಡಕುಗಳನ್ನೂ ಒಂದಿಷ್ಟು ಸಡಿಲಿಸುವ ಸಾಧನವೊಂದು ಈಗ ದೊರೆತಿದೆ. ಅದೇ ವರ್ಚುಯಲ್ ರಿಯಾಲಿಟಿ. ಕನ್ನಡದಲ್ಲಿ ಮಿಥ್ಯಾವಾಸ್ತವ ಎನ್ನಬಹುದು. ಈ ಸಾಧನವನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂಥ ಊರುಗಳಲ್ಲಿ ಹೇಗೆ ಬಳಸಬೇಕು, ಹೇಗೆ ಬಳಸಕೂಡದು ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಯಂತ್ರದ ಕಣ್ಣು ಓಣಿಯ ಮೇಲಿರಲಿ. ಮನುಷ್ಯನ ಹಣೆಯ ಮೇಲೆ ಬೇಡ.

ಯಂತ್ರದ ಗುಟ್ಟು ಅಷ್ಟೇನೂ ಗಹನವಲ್ಲ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರುಗಳ ಅಂತರವಿದೆ. ಆದುದರಿಂದ ಒಂದೇ ವಸ್ತುವನ್ನು ಅವೆರಡೂ ತುಸು ಬೇರೆ ಬೇರೆ ಕೋನಗಳಿಂದ ಕಾಣುತ್ತವೆ. ಮಿದುಳು ಆ ಎರಡು ಚಿತ್ರಗಳನ್ನು ಕೂಡಿಸಿ ದೂರ ಹತ್ತಿರಗಳ ಅರಿವನ್ನು ಪಡೆಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಇದನ್ನು ವಿವರಿಸಿ, ಎರಡು ಚಪ್ಪಟೆ ಚಿತ್ರಗಳಿಂದ ಒಂದು ಆಳವುಳ್ಳ ದೃಶ್ಯವನ್ನು ಕಾಣಿಸುವ ಸ್ಟೀರಿಯೋಸ್ಕೋಪನ್ನು ಲೋಕಕ್ಕೆ ತೋರಿಸಿದನು. ಅಮೆರಿಕದ ಐವಾನ್ ಸದರ್ಲೆಂಡ್ 1968ರಲ್ಲಿ ಅದಕ್ಕೆ ಗಣಕಯಂತ್ರವನ್ನು ಜೋಡಿಸಿದನು. ಆತನ ಶಿರೋಯಂತ್ರ ಬಹಳ ಭಾರವಾಗಿದ್ದುದರಿಂದ ಅದನ್ನು ಮಾಳಿಗೆಯಿಂದ ತೂಗುಹಾಕಬೇಕಾಗಿತ್ತು. ಇಂದು ಅದೇ ಯಂತ್ರ ದಪ್ಪ ಕನ್ನಡಕದಷ್ಟಾಗಿದೆ. ಧರಿಸಿದವರು ತಲೆ ತಿರುಗಿಸಿದೊಡನೆ ಒಳಗಿನ ಸಂವೇದಕಗಳು ಅದನ್ನು ಅಳೆಯುತ್ತವೆ. ಗಣಕಯಂತ್ರ ಆ ದಿಕ್ಕಿನಲ್ಲಿ ಕಾಣಬೇಕಾದ ದೃಶ್ಯವನ್ನು ಕೂಡಲೇ ಬರೆಯುತ್ತದೆ. ಈ ಕೆಲಸ ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲಿನೊಳಗೆ ಮುಗಿಯಬೇಕು. ತಡವಾದರೆ ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳಿ, ತಲೆಸುತ್ತು ಬಂದೀತು.

ಸಿನಿಮಾ ನೋಡುವುದಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸಿನಿಮಾದಲ್ಲಿ ನಾವು ಪ್ರೇಕ್ಷಕರು. ಇಲ್ಲಿ ಆ ಜಾಗದೊಳಗೇ ನಿಂತಿದ್ದೇವೆಂದು ದೇಹವೇ ನಂಬುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಲ್ ಸ್ಲೇಟರ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಅದರಲ್ಲಿ ಗಣಕಯಂತ್ರ ಬರೆದ ಹೆಂಗಸೊಬ್ಬಳ ಗೊಂಬೆಗೆ, ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ತಿನ ಆಘಾತ ಕೊಡುವಂತೆ ಜನರಿಗೆ ಹೇಳಲಾಗಿತ್ತು. ಅವಳು ನಿಜವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವಳನ್ನು ಕಂಡು ಅವಳ ದನಿಯನ್ನು ಕೇಳಿದವರ ದೇಹಗಳು ಕಳವಳಗೊಂಡವು. ಕೆಲವರು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಮಿಥ್ಯೆಯೆಂದು ಬುದ್ಧಿ ಬಲ್ಲುದು. ದೇಹ ಮಾತ್ರ ಅದನ್ನು ಪೂರ್ತಿ ಒಪ್ಪುವುದಿಲ್ಲ. ಅಪರಾಧಶಾಸ್ತ್ರಕ್ಕೆ ಈ ಸಾಧನ ಉಪಯುಕ್ತವಾದುದು ಈ ಗುಣದಿಂದಲೇ.

ಕಳ್ಳನ ವಿದ್ಯೆಯೂ ಒಂದು ವಿದ್ಯೆಯೆಂಬುದನ್ನು ನಮ್ಮ ಪೂರ್ವಿಕರು ಅರಿಯದಿರಲಿಲ್ಲ. ಶೂದ್ರಕನ ಮೃಚ್ಛಕಟಿಕ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುವ ಪ್ರಸಂಗವಿದೆ. ನೀರು ತಗುಲಿ ಗೋಡೆ ಎಲ್ಲಿ ಸಡಿಲವಾಗಿದೆ, ಎಲ್ಲಿ ಅಗೆದರೆ ಸದ್ದಾಗದು ಎಂದು ಅವನು ಶಾಸ್ತ್ರೋಕ್ತವಾಗಿ ಪರೀಕ್ಷಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಕನ್ನವನ್ನು ಅಳೆಯುತ್ತಾನೆ. ಕವಿ ಹಾಸ್ಯಕ್ಕಾಗಿ ಬರೆದುದನ್ನು ಇಂದಿನ ವಿಜ್ಞಾನಿಗಳು ಪ್ರಯೋಗಕ್ಕೆ ಒಳಪಡಿಸಿದ್ದಾರೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದ ಕ್ಲೇರ್ ನೀ ಅವರ ತಂಡ, ಹಿಂದೆ ಕನ್ನಗಳ್ಳರಾಗಿದ್ದು ಆ ದಾರಿಯನ್ನು ಬಿಟ್ಟ 6 ಮಂದಿಯನ್ನೂ 6 ಮಂದಿ ವಿದ್ಯಾರ್ಥಿಗಳನ್ನೂ ಕರೆದು, ಒಂದು ನಿಜವಾದ ಮನೆಯಲ್ಲಿಯೂ ಅದನ್ನೇ ಹೋಲುವಂತೆ ಗಣಕಯಂತ್ರದಲ್ಲಿ ರಚಿಸಿದ ಮನೆಯಲ್ಲಿಯೂ ಕಳವಿನ ಅಣಕವನ್ನು ಮಾಡಿಸಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅನುಭವಿಗಳ ನಡೆ ಎರಡು ಮನೆಗಳಲ್ಲಿಯೂ ಒಂದೇ ಬಗೆಯಾಗಿತ್ತು. ವಿದ್ಯಾರ್ಥಿಗಳ ನಡೆಗಿಂತ ಬೇರೆಯಾಗಿತ್ತು. ಅನುಭವಿಗಳು ಬೆಲೆಬಾಳುವ ವಸ್ತುಗಳಿರುವ ಭಾಗಗಳಲ್ಲಿಯೇ ಹೆಚ್ಚು ಹೊತ್ತು ಕಳೆದು, ಕೆಲವೇ ವಸ್ತುಗಳನ್ನು ಆರಿಸಿಕೊಂಡರು. ಹನ್ನೆರಡು ಜನರ ಪರೀಕ್ಷೆಯಿಂದ ಲೋಕದ ಕಳ್ಳರನ್ನೆಲ್ಲ ಅಳೆಯಲಾಗದೆಂಬುದು ದಿಟ. ಆದರೆ ಮಿಥ್ಯಾಗೃಹದಲ್ಲಿ ಕಂಡ ನಡತೆಗೂ ನಿಜಗೃಹದ ನಡತೆಗೂ ಸಂಬಂಧವುಂಟೆಂಬ ಮೊದಲ ಭರವಸೆ ಅದರಿಂದ ದೊರೆಯಿತು. ಅನಂತರ ಅವರೂ ನೆದರ್ಲೆಂಡ್ಸಿನ ಜಾನ್-ಲೂಯಿ ವಾನ್ ಗೆಲ್ಡರ್ ಅವರೂ ಕೂಡಿ, ಸೆರೆಮನೆಗಳಲ್ಲಿದ್ದ ಕನ್ನಗಳ್ಳರಿಗೆ ಕೃತಕ ಬಡಾವಣೆಯೊಂದನ್ನು ತೋರಿಸಿ, ಅವರು ಮನೆಯನ್ನು ಹೇಗೆ ಆರಿಸುತ್ತಾರೆಂಬುದನ್ನು ದೊಡ್ಡ ಪ್ರಮಾಣದಲ್ಲಿ ಅಭ್ಯಾಸ ಮಾಡಿದರು. ಆ ವರದಿ 2019ರಲ್ಲಿ ಪ್ರಕಟವಾಯಿತು.

ಇವುಗಳಿಂದ ನಾವು ಕಲಿಯಬೇಕಾದುದೇನು? ಕಳವು ಬಹುತೇಕ ಕುರುಡು ಅದೃಷ್ಟದ ಆಟವಲ್ಲ. ಅದು ಜಾಗವನ್ನು ಓದುವ ಕೆಲಸ. ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಹೇಳಿದಂತೆ, ಅಪರಾಧ ನಡೆಯಬೇಕಾದರೆ ಮೂರು ಕೂಡಿಬರಬೇಕು: ಮಾಡುವ ಮನಸ್ಸುಳ್ಳವನು, ಅವನ ಕೈಗೆ ಎಟುಕುವ ಗುರಿ, ಮತ್ತು ತಡೆಯಬಲ್ಲವರ ಗೈರುಹಾಜರಿ. ಈ ಮೂರರಲ್ಲಿ ಒಂದನ್ನು ತಪ್ಪಿಸಿದರೂ ಅಪರಾಧ ತಪ್ಪೀತು. ಮೊದಲನೆಯದಾದ ಮನುಷ್ಯನ ಮನಸ್ಸನ್ನು ತಿದ್ದುವುದು ಬಹಳ ಕಾಲದ ಕೆಲಸ. ಬಡತನ, ಕುಡಿತ, ನಿರುದ್ಯೋಗಗಳ ಬೇರುಗಳು ಅಲ್ಲಿವೆ. ಉಳಿದೆರಡು ಮಾತ್ರ ಹೆಚ್ಚಾಗಿ ಜಾಗದ ರಚನೆಯನ್ನು ಅವಲಂಬಿಸಿವೆ. ಅವನ್ನು ಪುರಸಭೆಯೂ ಓಣಿಯ ಜನರೂ ಒಂದೆರಡು ವರ್ಷಗಳಲ್ಲಿ ಬದಲಿಸಬಲ್ಲರು.

ಈ ದೃಷ್ಟಿಯಿಂದ ನಮ್ಮ ನಾಲ್ಕು ಊರುಗಳನ್ನು ನೋಡೋಣ. ಜಮಖಂಡಿ ಪಟವರ್ಧನ ಅರಸರ ರಾಜಧಾನಿಯಾಗಿತ್ತು. ಮುಧೋಳ ಘೋರ್ಪಡೆಯವರ ರಾಜಧಾನಿಯಾಗಿತ್ತು. ಈ ಎರಡು ಸಂಸ್ಥಾನಗಳೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. ಹಳೆಯ ಓಣಿಗಳಲ್ಲಿ ಮನೆಯ ಮುಂದೊಂದು ಕಟ್ಟೆ, ಕಟ್ಟೆಯ ಮೇಲೆ ಹಿರಿಯರು, ಒಳಗೆ ಮಗ್ಗದ ಸದ್ದು, ಬಾಗಿಲಲ್ಲಿ ಕಂಡಿಕೆ ಸುತ್ತುವ ಹೆಂಗಸರು; ಹೀಗೆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಓಣಿಯ ಮೇಲೆ ಹತ್ತಾರು ಕಣ್ಣುಗಳಿರುತ್ತಿದ್ದವು. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ನಗರಗಳ ಬಗೆಗಿನ ಪುಸ್ತಕದಲ್ಲಿ, ಬೀದಿಯನ್ನು ಕಾಯುವುದು ಮೊದಲಾಗಿ ಪೊಲೀಸರಲ್ಲ, ಬೀದಿಯ ಮೇಲಿರುವ ಜನರ ಕಣ್ಣುಗಳು ಎಂದು ವಾದಿಸಿದರು. ನಮ್ಮ ಕಟ್ಟೆಗಳು ಆ ಕೆಲಸವನ್ನು ಯಾವ ಪುಸ್ತಕವನ್ನೂ ಓದದೆ ಮಾಡುತ್ತಿದ್ದವು.

ಈಗ ಊರುಗಳು ಬೆಳೆಯುತ್ತಿವೆ. ಕಟ್ಟೆಯಿದ್ದ ಕಡೆ ಎತ್ತರದ ಕಾಂಪೌಂಡು ಗೋಡೆ ಬಂದಿದೆ. ಹೊರವಲಯದ ಬಡಾವಣೆಗಳಲ್ಲಿ ಹತ್ತು ನಿವೇಶನಗಳಿಗೆ ಮೂರು ಮನೆಗಳು. ನಡುವೆ ಜಾಲಿಯ ಪೊದೆ. ಮದುವೆಗೋ ಜಾತ್ರೆಗೋ ಮನೆಮಂದಿಯೆಲ್ಲ ಹೋದರೆ ಬಾಗಿಲಿನ ಬೀಗ ದೂರದಿಂದಲೇ ಸಾರಿ ಹೇಳುತ್ತದೆ. ವಿದ್ಯುತ್ ಮಗ್ಗಗಳ ಅಬ್ಬರದಲ್ಲಿ ಪಕ್ಕದ ಮನೆಯ ಕೂಗು ಕೇಳಿಸದು. ಕಾಲೇಜು ಬಿಟ್ಟು ಹಳ್ಳಿಯ ಕೊನೆಯ ಬಸ್ಸಿಗೆ ಕಾಯುವ ಹುಡುಗಿಯರು ನಿಲ್ದಾಣದ ಯಾವ ಮೂಲೆಯನ್ನು ತಪ್ಪಿಸಿ ನಿಲ್ಲುತ್ತಾರೆಂಬುದು ಅವರಿಗೆಲ್ಲ ಗೊತ್ತು. ನಿಲ್ದಾಣದ ನಕ್ಷೆ ಬರೆದವನಿಗೆ ಗೊತ್ತಿಲ್ಲ. ಈ ಅರಿವನ್ನು ನಕ್ಷೆಯ ಮೇಜಿನವರೆಗೆ ತಲುಪಿಸುವುದೇ ಮಿಥ್ಯಾವಾಸ್ತವದ ನಿಜವಾದ ಉಪಯೋಗವೆಂದು ನಾವು ಭಾವಿಸುತ್ತೇವೆ.

ಅದನ್ನು ಮಾಡುವ ಬಗೆಯನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇವೆ. ಬನಹಟ್ಟಿಯ ಒಂದು ಮಗ್ಗದ ಓಣಿಯನ್ನು ಸುತ್ತಲೂ ಚಿತ್ರ ತೆಗೆಯುವ ಕ್ಯಾಮೆರಾದಿಂದ ಹಗಲು, ಸಂಜೆ, ರಾತ್ರಿ ಹೀಗೆ ಮೂರು ವೇಳೆಗಳಲ್ಲಿ ಚಿತ್ರಿಸಿ, ಅಳತೆಗಳನ್ನು ತೆಗೆದು, ಗಣಕಯಂತ್ರದಲ್ಲಿ ಅದರ ಪ್ರತಿಯನ್ನು ಕಟ್ಟಬೇಕು. ಬಳಿಕ ಎರಡು ರೂಪಗಳನ್ನು ಸಿದ್ಧಪಡಿಸಬೇಕು: ಒಂದರಲ್ಲಿ ಓಣಿ ಇದ್ದಂತೆಯೇ, ಇನ್ನೊಂದರಲ್ಲಿ ತಿರುವಿನಲ್ಲಿ ದೀಪ, ಕುರುಡು ಗೋಡೆಯಲ್ಲಿ ಕಿಟಕಿ, ಮುರಿದ ಕಟ್ಟೆಯ ದುರಸ್ತಿ. ರಾತ್ರಿಪಾಳಿಯ ನೇಕಾರರು, ವಿದ್ಯಾರ್ಥಿನಿಯರು, ವೃದ್ಧರು ಶಿರೋಯಂತ್ರವನ್ನು ಧರಿಸಿ ಎರಡರಲ್ಲಿಯೂ ನಡೆಯಲಿ. ಯಾರು ಮೊದಲು ಯಾವುದನ್ನು ನೋಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಇಲ್ಲವಾದರೆ ಎರಡನೆಯ ಸಲದ ಪರಿಚಯವನ್ನೇ ದೀಪದ ಗುಣವೆಂದು ಭ್ರಮಿಸಿಯೇವು. ಅವರು ಎಲ್ಲಿ ನಿಂತರು, ಎಲ್ಲಿ ಹಿಂದಿರುಗಿ ನೋಡಿದರು, ಯಾವ ದಾರಿ ಬಿಟ್ಟು ಯಾವುದನ್ನು ಹಿಡಿದರು ಎಂಬುದನ್ನು ಬರೆದುಕೊಳ್ಳಬೇಕು. ಒಂದು ಕಂಬವನ್ನು ನೆಟ್ಟು, ತಪ್ಪೆಂದು ತಿಳಿದ ಮೇಲೆ ಕೀಳುವುದಕ್ಕಿಂತ, ಮಿಥ್ಯೆಯಲ್ಲಿ ಹತ್ತು ಸಲ ನೆಟ್ಟು ನೋಡುವುದು ಅಗ್ಗವಲ್ಲವೇ?

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಭಯ ಬೇರೆ, ಅಪರಾಧ ಬೇರೆ. ಯಂತ್ರ ಅಳೆಯುವುದು ಹೆಚ್ಚಾಗಿ ಭಯವನ್ನು. ದೀಪ ಹಾಕಿದರೆ ಭಯ ತಗ್ಗೀತು. ಕಳವು ತಗ್ಗುವುದೇ ಎಂಬುದನ್ನು ನಿಜವಾದ ಓಣಿಯಲ್ಲಿಯೇ ಪರೀಕ್ಷಿಸಬೇಕು. ನ್ಯೂಯಾರ್ಕ್ ನಗರದಲ್ಲಿ 2016ರಲ್ಲಿ ಸಾರ್ವಜನಿಕ ವಸತಿ ಸಮುಚ್ಚಯಗಳ ಪೈಕಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಅಲ್ಲಿ ಪ್ರಖರ ದೀಪಗಳನ್ನು ಇರಿಸಿದರು. ರಾತ್ರಿಯ ಹೊತ್ತು ಹೊರಗೆ ನಡೆಯುವ ಗಂಭೀರ ಅಪರಾಧಗಳು ಅಲ್ಲಿ ಸುಮಾರು ನೂರಕ್ಕೆ 36ರಷ್ಟು ಕಡಿಮೆಯಾದವೆಂದು ಸಂಶೋಧಕರು ಕಂಡುಕೊಂಡರು. ಆ ಫಲ ಜಮಖಂಡಿಗೂ ಹಾಗೆಯೇ ಅನ್ವಯಿಸುವುದೆಂದು ಹೇಳಲಾಗದು. ಪರೀಕ್ಷೆಯ ಮಾರ್ಗ ಮಾತ್ರ ಅನ್ವಯಿಸುತ್ತದೆ. ಮಿಥ್ಯಾವಾಸ್ತವ ಒಳ್ಳೆಯ ಪ್ರಶ್ನೆಗಳನ್ನು ಆರಿಸಿಕೊಡಬಲ್ಲುದು. ಕೊನೆಯ ಉತ್ತರವನ್ನು ನಿಜವಾದ ಬೀದಿಯೇ ಹೇಳಬೇಕು.

ಓಣಿಯ ರಚನೆಯಷ್ಟೇ ಮುಖ್ಯವಾದುದು ಓಣಿಯ ಜನರ ನಡತೆ. ಸ್ಲೇಟರ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಈ ವಿಷಯದಲ್ಲಿ ಬೋಧಪ್ರದವಾಗಿದೆ. ಆರ್ಸೆನಲ್ ಎಂಬ ಫುಟ್‌ಬಾಲ್ ತಂಡದ ಅಭಿಮಾನಿಗಳಾದ 40 ಮಂದಿ ಗಂಡಸರ ಮುಂದೆ, ಒಬ್ಬನು ಇನ್ನೊಬ್ಬನ ಮೇಲೆ ಜಗಳ ತೆಗೆದು ಏರಿಹೋಗುವ ದೃಶ್ಯವನ್ನು ಕಾಣಿಸಲಾಯಿತು. ಪೆಟ್ಟು ತಿನ್ನುವವನು ತಮ್ಮ ತಂಡದ ಅಂಗಿಯನ್ನೇ ತೊಟ್ಟಿದ್ದಾಗ ಅವರು ಹೆಚ್ಚು ಸಲ ನಡುವೆ ಪ್ರವೇಶಿಸಿ ತಡೆಯಲು ಯತ್ನಿಸಿದರು. ನಮ್ಮವನೆಂಬ ಭಾವವಿದ್ದಲ್ಲಿ ಕಾಲು ಮುಂದಕ್ಕೆ ಹೋಗುತ್ತದೆ; ಇಲ್ಲದಲ್ಲಿ ಹಿಂದೆಯೇ ನಿಲ್ಲುತ್ತದೆ. ಸ್ಪೇನಿನ ಬಾರ್ಸಿಲೋನದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಯ ಹೆಂಗಸರ ಮೇಲೆ ಹಿಂಸೆ ಮಾಡಿದ ಗಂಡಸರಿಗೆ ಹೆಣ್ಣಿನ ದೇಹವನ್ನು ಧರಿಸಿದ ಅನುಭವವನ್ನು ಯಂತ್ರದಿಂದ ಕೊಟ್ಟು, ಬೈಯುತ್ತ ಮೇಲೆ ಬರುವ ಗಂಡಸನ್ನು ಎದುರಿಗೆ ನಿಲ್ಲಿಸಿದರು. ಹೆಂಗಸಿನ ಮುಖದಲ್ಲಿನ ಭಯವನ್ನು ಗುರುತಿಸುವ ಶಕ್ತಿ ಅವರಲ್ಲಿ ಮೊದಲು ಕಡಿಮೆಯಿತ್ತು. ಅನುಭವದ ತರುವಾಯ ಅದು ಸುಧಾರಿಸಿತು. ಇದರಿಂದ ಅವರೆಲ್ಲ ಸಾಧುಗಳಾದರೆಂದು ಯಾರೂ ಹೇಳಲಿಲ್ಲ. ಆದರೆ ಇನ್ನೊಬ್ಬರ ಜಾಗದಲ್ಲಿ ನಿಲ್ಲುವುದನ್ನು ಈ ಯಂತ್ರ ಅಕ್ಷರಶಃ ಕಲಿಸಬಲ್ಲುದೆಂಬುದಕ್ಕೆ ಇದೊಂದು ಸುಳಿವು.

ಇಲ್ಲಿಯವರೆಗೆ ಯಂತ್ರವನ್ನು ಹೊಗಳಿದೆವು. ಈಗ ಅದರ ಇನ್ನೊಂದು ಮುಖವನ್ನು ನೋಡಬೇಕು. ಶಿರೋಯಂತ್ರವು ನಮಗೆ ದೃಶ್ಯವನ್ನು ತೋರಿಸುವಾಗಲೇ ನಮ್ಮನ್ನೂ ನೋಡುತ್ತಿರುತ್ತದೆ. ತಲೆಯ ತೊನೆತ, ಕೈಯ ಎತ್ತರ, ತಿರುಗುವ ವೇಗ, ಕೆಲವು ಯಂತ್ರಗಳಲ್ಲಿ ಕಣ್ಣಿನ ಚಲನೆ, ಎಲ್ಲವೂ ದಾಖಲಾಗುತ್ತವೆ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 511 ಮಂದಿಯ ಪೈಕಿ ಯಾರು ಯಾರೆಂಬುದನ್ನು, ಐದು ನಿಮಿಷಕ್ಕೂ ಕಡಿಮೆ ಅವಧಿಯ ಚಲನೆಯ ದಾಖಲೆಯಿಂದಲೇ ನೂರಕ್ಕೆ 95 ಸಲ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಹೆಸರನ್ನು ಅಳಿಸಿಹಾಕಿದರೂ ನಡಿಗೆಯೇ ಹೆಸರನ್ನು ಹೇಳಿಬಿಡುತ್ತದೆ. ಇನ್ನು, ಅನುಭವಿ ಕಳ್ಳರು ಓಣಿಯನ್ನು ನೋಡುವ ರೀತಿ ಹೀಗಿರುತ್ತದೆಂದು ಯಂತ್ರಕ್ಕೆ ಕಲಿಸಿದೆವೆನ್ನಿ. ನಾಳೆ ಯಾರಾದರೂ ಆ ಯಂತ್ರವನ್ನು ತಂದು, ಒಬ್ಬ ಬಡ ಹುಡುಗನಿಗೆ ತೊಡಿಸಿ, ಇವನ ಕಣ್ಣು ಕಳ್ಳನ ಕಣ್ಣು ಎಂದು ಮುದ್ರೆ ಒತ್ತಿದರೆ?

ಇದು ಬರಿಯ ಕಲ್ಪನೆಯ ಭೀತಿಯಲ್ಲ. ಹಣೆಯ ಮೇಲೆ ಮುದ್ರೆ ಒತ್ತುವ ಕೆಲಸ ಈ ನಾಡಿನಲ್ಲಿಯೇ ಹಿಂದೆ ನಡೆದಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಅಧಿಕಾರವನ್ನು ತಾನೇ ತೆಗೆದುಕೊಂಡಿತು. ಮುಂಬಯಿ ಪ್ರಾಂತದ ಆಡಳಿತದಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಅಂಥವರನ್ನು ಇರಿಸುವ ಸೆಟ್ಲ್‌ಮೆಂಟುಗಳಿದ್ದವು. ಆ ಕಾಯಿದೆಯ ಬೆನ್ನಿಗೂ ಅಂದಿನ ಕಾಲದ ವಿಜ್ಞಾನವೆನಿಸಿಕೊಂಡ ನಂಬಿಕೆಗಳ ಆಸರೆಯಿತ್ತು. ಅಪರಾಧ ರಕ್ತದಲ್ಲಿಯೇ ಹರಿಯುತ್ತದೆಂದು ಓದಿದವರೂ ನಂಬಿದ್ದರು. ಕಾಯಿದೆ ದೇಶದಲ್ಲಿ ಪೂರ್ತಿಯಾಗಿ ರದ್ದಾದುದು 1952ರ ಆಗಸ್ಟ್ 31ರಂದು. ಮುಧೋಳದ ವಾಚಕರಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನಿಗೆ ಮಣಿಯಲಿಲ್ಲ. ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿ ಇಟ್ಟು ಹಲವರನ್ನು ಗಲ್ಲಿಗೇರಿಸಿತು. ಅಂದಿನ ಸರ್ಕಾರದ ಕಣ್ಣಿಗೆ ಅಪರಾಧಿಗಳಾಗಿ ಕಂಡವರನ್ನು ನಾವು ಇಂದು ವೀರರೆಂದು ಸ್ಮರಿಸುತ್ತೇವೆ. ಅಪರಾಧಿಯೆಂಬ ಮುದ್ರೆ ಯಾರ ಕೈಯಲ್ಲಿದೆಯೆಂಬುದನ್ನು ನೋಡದೆ ಮುದ್ರೆಯನ್ನು ನಂಬಲಾಗದು.

ಇಂದಿನ ಮಾತನ್ನೇ ನೋಡಿರಿ. ಕಬ್ಬಿನ ಹಂಗಾಮು ಬಂದಾಗ ಮುಧೋಳ, ಜಮಖಂಡಿ, ಬೀಳಗಿಗಳ ಸುತ್ತಮುತ್ತ ಕಬ್ಬು ಕಡಿಯುವವರ ತಂಡಗಳು ದೂರದೂರುಗಳಿಂದ ಬಂದು ಗುಡಿಸಲು ಹಾಕಿ ಇಳಿಯುತ್ತವೆ. ಊರಿನಲ್ಲಿ ಒಂದು ಕಳವಾದರೆ ಅನುಮಾನ ಮೊದಲು ಎತ್ತ ಬೀಳುವುದೆಂದು ನಮ್ಮೆಲ್ಲರಿಗೂ ಗೊತ್ತು. ಬಾಗಿಲೇ ಇಲ್ಲದ ಗುಡಿಸಲಿನಲ್ಲಿ ಮಲಗುವ ಆ ಕುಟುಂಬಗಳ ರಕ್ಷಣೆಯ ಪ್ರಶ್ನೆ ಮಾತ್ರ ನಮಗೆ ತೋಚುವುದಿಲ್ಲ. ಈ ಪೂರ್ವಗ್ರಹವನ್ನು ಯಂತ್ರಕ್ಕೆ ಕಲಿಸಿದರೆ ಯಂತ್ರ ಅದನ್ನೇ ಅಂಕಿಗಳ ವೇಷದಲ್ಲಿ ನಮಗೆ ಹಿಂದಿರುಗಿಸುತ್ತದೆ. ಆಗ ಅದು ವಿಜ್ಞಾನವಾಗದು, ಕನ್ನಡಿಯಾದೀತು.

ಇಂಥ ಸಾಧನಗಳ ಮಿತಿಯನ್ನು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಮೊಕದ್ದಮೆಯೊಂದರಲ್ಲಿಯೇ ವಿಚಾರಿಸಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2010ರ ಮೇ 5ರಂದು ಬಂದ ತೀರ್ಪಿನ ಪ್ರಕಾರ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ ಇವುಗಳನ್ನು ಯಾರ ಮೇಲೂ ಬಲಾತ್ಕಾರವಾಗಿ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕೆಂದು ಯಾರನ್ನೂ ಒತ್ತಾಯಿಸಲಾಗದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಶಿರೋಯಂತ್ರದ ಹೆಸರು ಆ ತೀರ್ಪುಗಳಲ್ಲಿ ಇಲ್ಲದಿರಬಹುದು. ಆದರೆ ಮನುಷ್ಯನ ಅರಿವಿಲ್ಲದೆ ಅವನ ಮನಸ್ಸನ್ನು ಬಗೆದು ನೋಡುವ ಸಾಧನಗಳೆಲ್ಲಕ್ಕೂ ಅವುಗಳ ತತ್ತ್ವ ಸಲ್ಲುತ್ತದೆಂದು ನಾವು ತಿಳಿಯುತ್ತೇವೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಮೊದಲನೆಯದಾಗಿ, ಮಿಥ್ಯಾವಾಸ್ತವದಿಂದ ಜಾಗಗಳನ್ನು ಪರೀಕ್ಷಿಸಬೇಕು; ಶಂಕಿತರನ್ನು ಆರಿಸಲು ಅದನ್ನು ಎಂದಿಗೂ ಬಳಸಕೂಡದು. ಎರಡನೆಯದಾಗಿ, ಭಾಗವಹಿಸುವವರೆಲ್ಲ ತಿಳಿದು ಒಪ್ಪಿದವರಾಗಿರಬೇಕು. ಹದಿನೆಂಟು ವರ್ಷ ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ರಕ್ಷಣೆಯ ಕಾಯಿದೆಯೂ ಹೇಳುತ್ತದೆ. ಮೂರನೆಯದಾಗಿ, ಚಲನೆಯ ದಾಖಲೆಗಳನ್ನು ಲೆಕ್ಕ ಮುಗಿದೊಡನೆ ಅಳಿಸಬೇಕು. ನಾಲ್ಕನೆಯದಾಗಿ, ಕಂಡುಬಂದ ಫಲ ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಊರಿನವರಿಗೆ ಕನ್ನಡದಲ್ಲಿ ತಿಳಿಸಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ವಿಭಾಗವುಂಟು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕಾಲೇಜುಂಟು. ಇವರಿಬ್ಬರೂ ಪುರಸಭೆಗಳೂ ಕೂಡಿದರೆ ಇಂಥ ಒಂದು ಪ್ರಯೋಗಕ್ಕೆ ಪರದೇಶದ ದಾರಿ ಕಾಯಬೇಕಾಗಿಲ್ಲ.

ಇದಕ್ಕೆ ತಕ್ಕ ಕಾಲವೂ ಈಗಲೇ ಎಂದು ಹೇಳಲು ವಿಶೇಷ ಕಾರಣವಿದೆ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳೂ ಬೀಳಗಿ ಮೊದಲಾದ ತಾಲ್ಲೂಕುಗಳ ಹಳ್ಳಿಗಳೂ ಮುಳುಗಿ, ಅವುಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದುದನ್ನು ಈ ಜಿಲ್ಲೆ ಕಂಡಿದೆ. ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಲಿ 2010ರಲ್ಲಿ ಸಮ್ಮತಿಸಿತು. ಆ ಯೋಜನೆ ಕೈಗೂಡುವಾಗ ಇನ್ನೂ ಹಲವು ಹಳ್ಳಿಗಳು ಎದ್ದುಹೋಗಿ ಹೊಸ ಜಾಗಗಳಲ್ಲಿ ನೆಲೆಸಬೇಕಾಗುತ್ತದೆ. ಹಳೆಯ ಹಳ್ಳಿಯಲ್ಲಿ ಅಗಸಿಯಿತ್ತು, ಚಾವಡಿಯಿತ್ತು, ಕಟ್ಟೆಯಿತ್ತು. ಯಾರು ಬಂದರು ಯಾರು ಹೋದರೆಂದು ನೋಡುವವರಿದ್ದರು. ನಕ್ಷೆಯಲ್ಲಿ ಗೆರೆ ಎಳೆದು ಹಂಚಿದ ನಿವೇಶನಗಳಲ್ಲಿ ಅವೆಲ್ಲ ತಾವಾಗಿ ಹುಟ್ಟುವುದಿಲ್ಲ. ಹಾಗಾದರೆ ಮೊದಲ ಕಲ್ಲು ಇಡುವ ಮುನ್ನವೇ ಆ ಊರನ್ನು ಮಿಥ್ಯೆಯಲ್ಲಿ ಕಟ್ಟಿ, ಅಲ್ಲಿ ವಾಸಿಸಬೇಕಾದ ಅಜ್ಜಿಯರನ್ನೂ ಶಾಲೆಗೆ ಹೋಗುವ ಹುಡುಗಿಯರನ್ನೂ ಅದರಲ್ಲಿ ನಡೆಸಿ, ಎಲ್ಲಿ ಹೆದರಿಕೆಯಾಯಿತೆಂದು ಕೇಳಬಾರದೇಕೆ? ಕೋಟೆ ಸೂರೆಹೋಗುವ ಮೊದಲೇ ದಿಡ್ಡಿಯ ಬಾಗಿಲನ್ನು ನೋಡಿಕೊಳ್ಳುವ ಅವಕಾಶ ಇದಲ್ಲವೇ?

ತರುಣ ವಾಚಕರು ಇದಕ್ಕಾಗಿ ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ. ಇಂದು ಸಂಜೆ ನಿಮ್ಮ ಓಣಿಯಲ್ಲಿ ಒಂದು ಸುತ್ತು ನಡೆಯಿರಿ. ಎಲ್ಲಿ ದೀಪವಿಲ್ಲ, ಎಲ್ಲಿ ಗೋಡೆ ಕುರುಡು, ಎಲ್ಲಿ ಕೂಗಿದರೆ ಯಾರಿಗೂ ಕೇಳಿಸದು ಎಂಬುದನ್ನು ಒಂದು ಹಾಳೆಯ ಮೇಲೆ ಗುರುತಿಸಿರಿ. ಅದೇ ಹಾಳೆಯನ್ನು ನಿಮ್ಮ ತಾಯಿಗೂ ಅಕ್ಕತಂಗಿಯರಿಗೂ ಕೊಟ್ಟು ಬೇರೆಯಾಗಿ ಗುರುತಿಸಲು ಹೇಳಿರಿ. ಎರಡು ಹಾಳೆಗಳು ಎಲ್ಲೆಲ್ಲಿ ಬೇರೆಯಾದವೋ ಅಲ್ಲಿಂದಲೇ ಈ ವಿಜ್ಞಾನದ ಅಭ್ಯಾಸ ಆರಂಭವಾಗುತ್ತದೆ.